ಪರದೇಶದ ರಸ್ತೆಯಲ್ಲಿ ಕಾರು ಚಾಲನೆ: ಐಸ್ಲೆಂಡಿನ ಒಂದು ನಿದರ್ಶನ

ಹಾಸನದಿಂದ ಬೇಲೂರಿಗೆ ವರ್ಷಗಟ್ಟಲೆ ಕಾರು ಓಡಿಸಿದ ಚಾಲಕನೊಬ್ಬನನ್ನು, ಎದುರಿಗೆ ಹಸುವೊಂದು ಅಡ್ಡ ಬಂದರೆ ಅದು ಎಷ್ಟು ಮೀಟರ್ ದೂರದಲ್ಲಿರುವಾಗ ಬ್ರೇಕನ್ನು ಒತ್ತಬೇಕೆಂದು ಕೇಳಿದರೆ ಅವನು ನಕ್ಕಾನು. ಅಂತಹ ಲೆಕ್ಕವನ್ನು ಅವನು ಎಂದೂ ಮಾಡಿದವನಲ್ಲ. ಆದರೂ ಹಸು ಅಡ್ಡ ಬಂದಾಗ ಅವನ ಕಾಲು ತಕ್ಕ ಕ್ಷಣದಲ್ಲಿ ತಕ್ಕಷ್ಟು ಬಲದಿಂದ ಬ್ರೇಕನ್ನು ಒತ್ತುತ್ತದೆ. ಕಾರು ಹಸುವಿನಿಂದ ಒಂದು ಮಾರು ಈಚೆಗೆ ನಿಲ್ಲುತ್ತದೆ. ಲೆಕ್ಕವಿಲ್ಲದೆ ಉತ್ತರ ಬಂದುದು ಹೇಗೆ? ಲೆಕ್ಕ ನಡೆದೇ ಇದೆ. ಅದನ್ನು ಮಾಡಿದುದು ಅವನ ಬುದ್ಧಿಯಲ್ಲ, ಅಭ್ಯಾಸ.

ಆದರೆ ಅಭ್ಯಾಸವೆಂಬ ಈ ಗಣಿತಜ್ಞನಲ್ಲಿ ಒಂದು ದೊಡ್ಡ ದೋಷವುಂಟು. ಅವನು ಸೂತ್ರವನ್ನು ಕಲಿತವನಲ್ಲ. ಉತ್ತರಗಳನ್ನು ಮಾತ್ರ ಬಾಯಿಪಾಠ ಮಾಡಿಕೊಂಡವನು. ಪ್ರಶ್ನೆಯಲ್ಲಿರುವ ಅಂಕಿಗಳನ್ನು ಬದಲಾಯಿಸಿದರೂ ಅವನು ಹಳೆಯ ಉತ್ತರವನ್ನೇ ಒಪ್ಪಿಸುತ್ತಾನೆ. ಪರೀಕ್ಷೆಯಲ್ಲಿ ಇಂತಹ ವಿದ್ಯಾರ್ಥಿಗೆ ಆಗುವ ನಷ್ಟ ಕೆಲವು ಅಂಕಗಳು ಮಾತ್ರ. ರಸ್ತೆಯಲ್ಲಿ ಆಗುವ ನಷ್ಟ ಪ್ರಾಣದ್ದು.

ಊರಿನಲ್ಲಿ ಅಂಕಿಗಳು ಬಹಳವಾಗಿ ಬದಲಾಗುವುದಿಲ್ಲ. ಪರದೇಶದಲ್ಲಿ ಅವು ಒಂದೇ ದಿನದಲ್ಲಿ ನಾಲ್ಕಾರು ಸಾರಿ ಬದಲಾಗಬಹುದು. ಇದಕ್ಕೆ ಐಸ್ಲೆಂಡಿಗಿಂತ ಉತ್ತಮವಾದ ನಿದರ್ಶನ ದೊರೆಯಲಾರದು. ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ, ಧ್ರುವವೃತ್ತಕ್ಕೆ ತಾಗಿದಂತೆ ಇರುವ ಈ ದ್ವೀಪ ವಿಸ್ತಾರದಲ್ಲಿ ನಮ್ಮ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ಜನಸಂಖ್ಯೆ ನಾಲ್ಕು ಲಕ್ಷವೂ ಇಲ್ಲ. ಅಲ್ಲಿ ರೈಲುಮಾರ್ಗವಿಲ್ಲ. ಆದ್ದರಿಂದ ಜ್ವಾಲಾಮುಖಿಗಳನ್ನೂ ಹಿಮನದಿಗಳನ್ನೂ ಜಲಪಾತಗಳನ್ನೂ ನೋಡಬಂದ ಪ್ರವಾಸಿ ವಿಮಾನದಿಂದ ಇಳಿದೊಡನೆ ಬಾಡಿಗೆಗೆ ಕಾರನ್ನು ಹಿಡಿಯುತ್ತಾನೆ. ದ್ವೀಪವನ್ನು ಸುತ್ತುವರಿದಿರುವ, ಸುಮಾರು 1,320 ಕಿಲೋಮೀಟರ್ ಉದ್ದದ 'ಒಂದನೆಯ ಸಂಖ್ಯೆಯ ರಸ್ತೆ'ಯಲ್ಲಿ ಹೊರಡುತ್ತಾನೆ. 1974ರಲ್ಲಿ ಪೂರ್ಣಗೊಂಡ ಈ ರಸ್ತೆ ಬಹುಭಾಗ ನಡುವೆ ಕಟ್ಟೆಯಿಲ್ಲದ, ಹೋಗುವುದಕ್ಕೊಂದು ಬರುವುದಕ್ಕೊಂದು ಪಥವುಳ್ಳ ಸಾಧಾರಣ ರಸ್ತೆ. ನಮ್ಮ ದೇಶದಿಂದಲೂ, ಯೂರೋಪು ಅಮೆರಿಕಗಳಲ್ಲಿ ನೆಲೆಸಿರುವ ನಮ್ಮವರಿಂದಲೂ ಇಂತಹ ಪ್ರವಾಸ ಕೈಗೊಳ್ಳುವವರು ಈಗ ಉಂಟು. ಆ ರಸ್ತೆಯ ಮೇಲೆ ನಡೆಯುವ ಭೌತವಿಜ್ಞಾನವನ್ನು ನಾವು ಇಲ್ಲಿ ಸ್ವಲ್ಪ ಪರಿಶೀಲಿಸೋಣ.

ಬಲಗಡೆಯ ಸಂಚಾರ

ಮೊದಲನೆಯ ವ್ಯತ್ಯಾಸ ಭೌತವಿಜ್ಞಾನಕ್ಕೆ ಸೇರಿದುದಲ್ಲ, ಮನಶ್ಶಾಸ್ತ್ರಕ್ಕೆ ಸೇರಿದುದು. ನಾವು ರಸ್ತೆಯ ಎಡಗಡೆಯಲ್ಲಿ ಸಾಗುತ್ತೇವೆ, ಐಸ್ಲೆಂಡಿನವರು ಬಲಗಡೆಯಲ್ಲಿ. ಅವರೂ ಒಂದು ಕಾಲದಲ್ಲಿ ನಮ್ಮಂತೆ ಎಡಗಡೆಯವರೇ ಆಗಿದ್ದರು. 1967ರ ಸೆಪ್ಟೆಂಬರ್ 3ರಂದು ಸ್ವೀಡನ್ ದೇಶ ಎಡದಿಂದ ಬಲಕ್ಕೆ ಬದಲಾಯಿಸಿತು. 1968ರ ಮೇ 26ರಂದು ಐಸ್ಲೆಂಡ್ ಅದನ್ನು ಅನುಸರಿಸಿತು. ಇಡೀ ಒಂದು ರಾಷ್ಟ್ರ ಒಂದೇ ದಿನದಲ್ಲಿ ತನ್ನ ಅಭ್ಯಾಸವನ್ನು ತಿರುವುಮುರುವಾಗಿಸಿಕೊಂಡರೆ ಅಪಘಾತಗಳು ಹೆಚ್ಚಬೇಕೆಂದು ಯಾರಿಗಾದರೂ ತೋರುವುದು ಸಹಜ. ಸ್ವೀಡನ್ನಿನಲ್ಲಿ ಆದುದು ಅದಕ್ಕೆ ವಿರುದ್ಧ. ಬದಲಾವಣೆಯ ಹೊಸದರಲ್ಲಿ ಅಪಘಾತಗಳು ಕಡಿಮೆಯಾದವು. ಜನರಿಗೆ ಹೊಸ ಪದ್ಧತಿ ರೂಢಿಯಾದಂತೆ ಮತ್ತೆ ಹಳೆಯ ಮಟ್ಟಕ್ಕೆ ಬಂದವು. ಎಲ್ಲರೂ ಭಯದಿಂದ ಎಚ್ಚರವಾಗಿದ್ದಷ್ಟು ದಿನ ರಸ್ತೆ ಕ್ಷೇಮವಾಗಿತ್ತು.

ಪ್ರವಾಸಿಗೂ ಇದೇ ಮಾತು ಅನ್ವಯಿಸುತ್ತದೆ. ವಿಮಾನ ನಿಲ್ದಾಣದಿಂದ ಹೊರಡುವ ಮೊದಲ ಗಂಟೆ, ಅವನು ಹೆದರಿರುವುದರಿಂದಲೇ, ಅಷ್ಟೊಂದು ಅಪಾಯಕರವಲ್ಲವೆಂದು ನಮ್ಮ ಅಭಿಪ್ರಾಯ. ಮೂರನೆಯ ದಿನ ಬೆಳಗ್ಗೆ ಪೆಟ್ರೋಲ್ ಬಂಕಿನಿಂದ ಹೊರಬಂದು, ನರಪಿಳ್ಳೆಯೂ ಇಲ್ಲದ ರಸ್ತೆಗೆ ತಿರುಗುವ ಗಳಿಗೆಯೇ ನಿಜವಾದ ಪರೀಕ್ಷೆ. ವಾಹನಗಳಿದ್ದರೆ ಅವುಗಳನ್ನು ನೋಡಿ ಅನುಸರಿಸಬಹುದು. ಬರಿದಾದ ರಸ್ತೆಯಲ್ಲಿ ಕೈ ತನ್ನಷ್ಟಕ್ಕೆ ತಾನೇ ಎಡಗಡೆಗೆ ಎಳೆಯುತ್ತದೆ. ಇದಕ್ಕೆ ಒಂದು ಸುಲಭವಾದ ಗುರುತುಂಟು. ನಮ್ಮಲ್ಲಾಗಲಿ ಅಲ್ಲಾಗಲಿ, ಚಾಲಕನ ಆಸನ ಯಾವಾಗಲೂ ರಸ್ತೆಯ ನಡುಗೆರೆಯ ಕಡೆಗೆ ಇರುತ್ತದೆ. ಕಾರಿನಲ್ಲಿ ಕುಳಿತಿರುವ ನಾವು ನಡುಗೆರೆಯ ಪಕ್ಕದಲ್ಲಿದ್ದರೆ ಸರಿಯಾದ ಕಡೆ ಇದ್ದೇವೆ. ಹುಲ್ಲಿನ ಪಕ್ಕದಲ್ಲಿದ್ದರೆ ತಪ್ಪು ಕಡೆ ಇದ್ದೇವೆ. (ಇನ್ನೊಂದು ಚಿಕ್ಕ ವಿಷಯ: ನಮ್ಮಲ್ಲಿ ಓಡುವ ಅನೇಕ ಕಾರುಗಳಲ್ಲಿ ತಿರುವಿನ ದೀಪದ ಕಡ್ಡಿ ಸ್ಟೀರಿಂಗಿನ ಬಲಕ್ಕೆ ಇರುತ್ತದೆ, ಅಲ್ಲಿ ಎಡಕ್ಕೆ. ಹೊಸಬ ತಿರುವಿಗೆ ಬಂದನೆಂದರೆ ದೀಪ ಮಿನುಗುವುದಕ್ಕೆ ಬದಲು ಒಣಗಿದ ಗಾಜಿನ ಮೇಲೆ ವೈಪರು ಕುಣಿಯತೊಡಗುತ್ತದೆ. ಇದು ನಗುವ ವಿಷಯವಾದರೂ ಹಿಂದಿನಿಂದ ಬರುವವನಿಗೆ ಸೂಚನೆ ದೊರೆಯದೆ ಹೋಗುತ್ತದೆ.)

ನಿಯಮಗಳಲ್ಲಿ ಕೆಲವನ್ನು ಹೇಳಿ ಮುಂದೆ ಸಾಗೋಣ. ಹಗಲಿನಲ್ಲಿಯೂ ಮುಂದಿನ ದೀಪಗಳು ಉರಿಯುತ್ತಿರಬೇಕು. ಎಲ್ಲರೂ ಸೀಟ್ ಬೆಲ್ಟನ್ನು ಧರಿಸಬೇಕು. ವೇಗದ ಮಿತಿ ಊರುಗಳಲ್ಲಿ ಸಾಮಾನ್ಯವಾಗಿ ಗಂಟೆಗೆ 50 ಕಿಲೋಮೀಟರ್, ಊರ ಹೊರಗೆ ಜಲ್ಲಿ ರಸ್ತೆಯಲ್ಲಿ 80, ಡಾಂಬರು ರಸ್ತೆಯಲ್ಲಿ 90. ಎರಡು ಪಥಗಳುಳ್ಳ ವೃತ್ತಗಳಿಂದ ಹೊರಬರುವಾಗ ಒಳಪಥದ ವಾಹನಕ್ಕೆ ಹೊರಪಥದವನು ದಾರಿ ಬಿಡಬೇಕು. ಬೇರೆ ದೇಶಗಳಲ್ಲಿ ಕಾರು ಓಡಿಸಿದವರೂ ಇದರಲ್ಲಿ ಎಡವುತ್ತಾರೆ. ಇಲ್ಲಿಂದ ಹೊರಡುವವರು ನಮ್ಮ ಪ್ರಾದೇಶಿಕ ಸಾರಿಗೆ ಕಛೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಪಡೆದು, ಊರಿನ ಮೂಲ ಪರವಾನಗಿಯನ್ನೂ ಅದರ ಜೊತೆಯಲ್ಲಿಯೇ ಒಯ್ಯಬೇಕು. ಸಂಕಟಕಾಲದಲ್ಲಿ ಕರೆಯಬೇಕಾದ ದೂರವಾಣಿ ಸಂಖ್ಯೆ 112.

ನಿಲ್ಲುವುದಕ್ಕೆ ಬೇಕಾದ ದೂರ

ಈಗ ಲೆಕ್ಕಕ್ಕೆ ಬರೋಣ. ಗಂಟೆಗೆ 90 ಕಿಲೋಮೀಟರ್ ಎಂದರೆ ಸೆಕೆಂಡಿಗೆ 25 ಮೀಟರ್. ಎದುರಿಗೆ ಕುರಿಯೊಂದು ಕಂಡಿತೆನ್ನೋಣ. ಕಣ್ಣು ಕಂಡು, ಮಿದುಳು ತಿಳಿದು, ಕಾಲು ಬ್ರೇಕನ್ನು ತಲುಪುವ ವೇಳೆಗೆ ಸುಮಾರು ಒಂದು ಸೆಕೆಂಡು ಕಳೆಯುತ್ತದೆ. ಆಯಾಸಗೊಂಡವನಿಗೆ ಇನ್ನೂ ಹೆಚ್ಚು. ಈ ಒಂದು ಸೆಕೆಂಡಿನಲ್ಲಿ, ಬ್ರೇಕು ತಾಗುವುದಕ್ಕೆ ಮೊದಲೇ, ಕಾರು 25 ಮೀಟರ್ ಮುಂದೆ ಹೋಗಿರುತ್ತದೆ.

ಆಮೇಲೆ ಬ್ರೇಕಿನ ಕೆಲಸ. ಬ್ರೇಕು ಕಾರನ್ನು ನಿಲ್ಲಿಸುತ್ತದೆ ಎಂದು ನಾವು ಆಡುಮಾತಿನಲ್ಲಿ ಹೇಳುತ್ತೇವೆ. ವಾಸ್ತವವಾಗಿ ಅದು ಗಾಲಿಯ ತಿರುಗಾಟವನ್ನು ತಡೆಯುತ್ತದೆಯೇ ಹೊರತು ಕಾರನ್ನು ನಿಲ್ಲಿಸುವುದು ಟೈರಿಗೂ ನೆಲಕ್ಕೂ ನಡುವಣ ಘರ್ಷಣೆ. ಈ ಘರ್ಷಣೆಯ ಬಲಕ್ಕೂ ಕಾರಿನ ಭಾರಕ್ಕೂ ಇರುವ ನಿಷ್ಪತ್ತಿಯನ್ನು ಘರ್ಷಣಾಂಕ ಎನ್ನುತ್ತಾರೆ. ಒಣ ಡಾಂಬರಿನ ಮೇಲೆ ಅದು ಸುಮಾರು 0.7, ಸಡಿಲ ಜಲ್ಲಿಯ ಮೇಲೆ ಸುಮಾರು 0.4, ಮಂಜುಗಡ್ಡೆಯ ಮೇಲೆ ಸುಮಾರು 0.1. ವೇಗದ ವರ್ಗವನ್ನು, ಘರ್ಷಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದರೆ ನಿಲ್ಲಲು ಬೇಕಾದ ದೂರ ದೊರೆಯುತ್ತದೆ. ಕಾಲೇಜಿನ ವಿದ್ಯಾರ್ಥಿಗಳು ಕಾಗದದ ಮೇಲೆ ಇದನ್ನು ತಾವೇ ಮಾಡಿ ನೋಡಲಿ. ಗಂಟೆಗೆ 90 ಕಿಲೋಮೀಟರ್ ವೇಗದ ಕಾರಿಗೆ ಒಣ ಡಾಂಬರಿನ ಮೇಲೆ ಸುಮಾರು 46 ಮೀಟರ್, ಜಲ್ಲಿಯ ಮೇಲೆ 80 ಮೀಟರ್, ಮಂಜುಗಡ್ಡೆಯ ಮೇಲೆ ಸುಮಾರು 320 ಮೀಟರ್ ಬೇಕು! ಒಂದೂವರೆ ಫರ್ಲಾಂಗಿಗೂ ಹೆಚ್ಚು. ನಮ್ಮ ಹಾಸನದ ಚಾಲಕನ ಕಾಲಿಗೆ ಗೊತ್ತಿರುವುದು ಮೊದಲನೆಯ ಉತ್ತರ ಮಾತ್ರ.

ಈ ಸೂತ್ರದಲ್ಲಿ ಏನಿದೆ ಎಂಬುದರಷ್ಟೇ ಏನಿಲ್ಲ ಎಂಬುದೂ ಗಮನಾರ್ಹ. ಅದರಲ್ಲಿ ಕಾರಿನ ದ್ರವ್ಯರಾಶಿ ಇಲ್ಲ. ಭಾರ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚುತ್ತದೆ, ಅದೇ ಪ್ರಮಾಣದಲ್ಲಿ ತಡೆಯಬೇಕಾದ ಚಲನಶಕ್ತಿಯೂ ಹೆಚ್ಚುತ್ತದೆ, ಒಂದಕ್ಕೊಂದು ಹೊಡೆದುಹೋಗುತ್ತದೆ. ಭಾರಿ ಜೀಪಿನಲ್ಲಿ ಕುಳಿತವನು ತಾನು ನೆಲವನ್ನು ಗಟ್ಟಿಯಾಗಿ ಹಿಡಿದಿದ್ದೇನೆಂದು ಭಾವಿಸಿದರೆ ಅದು ಭ್ರಮೆ. ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಬಲ ಹರಿಯುವ ಕಾರುಗಳ ವಿಷಯದಲ್ಲಿ ಈ ಭ್ರಮೆ ಇನ್ನೂ ಹೆಚ್ಚು. ಅಂತಹ ಕಾರು ಹಿಮದಲ್ಲಿ ಹೊರಡುವುದಕ್ಕೆ, ಏರುವುದಕ್ಕೆ ನಿಜವಾಗಿಯೂ ಉತ್ತಮ. ಆದರೆ ಬ್ರೇಕು ಎಲ್ಲ ಕಾರುಗಳಲ್ಲಿಯೂ ನಾಲ್ಕು ಗಾಲಿಗಳಿಗೆ ಇದ್ದೇ ಇದೆ. ಆದ್ದರಿಂದ ನಿಲ್ಲಿಸುವುದರಲ್ಲಿ ಅದಕ್ಕೆ ಯಾವ ಮೇಲ್ಮೆಯೂ ಇಲ್ಲ. ಚೆನ್ನಾಗಿ ಹೊರಡುವ ಕಾರು ಚೆನ್ನಾಗಿ ನಿಲ್ಲುತ್ತದೆಂದು ನಂಬಿಸುವುದರಿಂದ ಅದು ಒಂದು ರೀತಿಯಲ್ಲಿ ಹೆಚ್ಚು ಮೋಸಗಾರ.

ಸೂತ್ರದಲ್ಲಿ ವೇಗದ ವರ್ಗವಿರುವುದನ್ನೂ ಮರೆಯಬಾರದು. ನೂರು ಕಿಲೋಮೀಟರ್ ದಾರಿಯನ್ನು ಗಂಟೆಗೆ 90ರಂತೆ ಹೋಗುವ ಬದಲು 110ರಂತೆ ಹೋದರೆ ಉಳಿಯುವುದು ಸುಮಾರು ಹನ್ನೆರಡು ನಿಮಿಷ. ಈ ಹನ್ನೆರಡು ನಿಮಿಷಕ್ಕೆ ತೆರುವ ಬೆಲೆ ಏನು? ಎರಡು ಕಾರುಗಳು ಒಂದೇ ಜಾಗದಲ್ಲಿ ಒಟ್ಟಿಗೆ ಬ್ರೇಕು ಹಾಕಿದುವೆನ್ನೋಣ. 90ರ ಕಾರು ಕುರಿಯ ಮುಂದೆ ಸರಿಯಾಗಿ ನಿಂತುಬಿಟ್ಟಿತು. ಅದೇ ಬಿಂದುವಿನಲ್ಲಿ 110ರ ಕಾರಿನ ವೇಗ ಎಷ್ಟಿರುತ್ತದೆ? ಇಪ್ಪತ್ತೆಂದು ಹೇಳುವವರು ಬಹಳ ಮಂದಿ. 110ರ ವರ್ಗದಿಂದ 90ರ ವರ್ಗವನ್ನು ಕಳೆದು ವರ್ಗಮೂಲ ತೆಗೆಯಬೇಕು: ಉತ್ತರ 63. ಗಂಟೆಗೆ 63 ಕಿಲೋಮೀಟರ್ ವೇಗದಿಂದ ಅದು ಕುರಿಗೆ, ಅಥವಾ ಎದುರಿನ ಕಾರಿಗೆ ಬಡಿಯುತ್ತದೆ.

ಕುರಿಯ ಮಾತು ಬರಿಯ ಉದಾಹರಣೆಗೆಂದು ತಂದುದಲ್ಲ. ಬೇಸಗೆಯಲ್ಲಿ ಐಸ್ಲೆಂಡಿನ ಕುರಿಗಳು ಕಾಯುವವರಿಲ್ಲದೆ ಬಯಲಿನಲ್ಲಿ ಮೇಯುತ್ತವೆ. ತಾಯಿ ಒಂದು ಬದಿಗೆ, ಮರಿ ಇನ್ನೊಂದು ಬದಿಗೆ ಇದ್ದರೆ, ಕಾರಿನ ಸದ್ದಿಗೆ ಬೆದರಿದ ಮರಿ ರಸ್ತೆಯನ್ನು ಅಡ್ಡಹಾಯ್ದು ತಾಯಿಯ ಕಡೆಗೆ ಓಡುವುದು ನಿಶ್ಚಯ. ದನಕರುಗಳ ನಡುವೆ ಗಾಡಿ ಓಡಿಸಿ ಬಲ್ಲ ನಮ್ಮವರಿಗೆ ಇಲ್ಲೊಂದು ಅನುಕೂಲವುಂಟು. ಆದರೆ ನಮ್ಮ ಹಸು ನಿಂತು ನೋಡುತ್ತದೆ, ಮರಿ ನಿಲ್ಲುವುದಿಲ್ಲ.

ಜಲ್ಲಿಯ ಮೇಲೆ

ಡಾಂಬರು ಮುಗಿದು ಜಲ್ಲಿ ಮೊದಲಾಗುವಲ್ಲಿ ಅಲ್ಲಿಯ ಭಾಷೆಯಲ್ಲಿ 'ಮಾಲ್ಬಿಕ್ ಎಂದರ್' ಎಂಬ ಫಲಕವಿರುತ್ತದೆ. ಡಾಂಬರು ಮುಗಿಯಿತು ಎಂದು ಅರ್ಥ. ಈ ಫಲಕವನ್ನು ದಾಟಿದ ಮೇಲೆ ಬ್ರೇಕು ಹಾಕುವುದು ತಪ್ಪು. ದಾಟುವುದಕ್ಕೆ ಮೊದಲೇ ವೇಗವನ್ನು ಇಳಿಸಬೇಕು. ಏಕೆಂದರೆ ಜಲ್ಲಿಯ ಕಲ್ಲುಗಳು ಟೈರಿನ ಕೆಳಗೆ ಉರುಳುವ ಗುಂಡುಗಳಂತೆ ವರ್ತಿಸುತ್ತವೆ. ಅಲ್ಲಿ ದೊರೆಯುವ ಹಿಡಿತ ಡಾಂಬರಿನ ಹಿಡಿತದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ.

ಟೈರಿನ ಹಿಡಿತವನ್ನು ತಿಂಗಳ ಸಂಬಳಕ್ಕೆ ಹೋಲಿಸಬಹುದು. ಬ್ರೇಕು ಹಾಕುವುದಕ್ಕೂ, ತಿರುವಿನಲ್ಲಿ ತಿರುಗುವುದಕ್ಕೂ, ವೇಗ ಹೆಚ್ಚಿಸುವುದಕ್ಕೂ ಖರ್ಚಾಗುವುದು ಅದೇ ಸಂಬಳ. ಪೂರ್ತಿ ಹಣವನ್ನು ಬ್ರೇಕಿಗೆ ವ್ಯಯಮಾಡಿದವನಿಗೆ ತಿರುಗುವುದಕ್ಕೆ ಕಾಸೂ ಉಳಿಯುವುದಿಲ್ಲ; ಸ್ಟೀರಿಂಗನ್ನು ಎಷ್ಟು ತಿರುಗಿಸಿದರೂ ಕಾರು ನೇರವಾಗಿ ಮುಂದಕ್ಕೇ ಜಾರುತ್ತದೆ. ಈಗಿನ ಕಾರುಗಳಲ್ಲಿ ಗಾಲಿ ಪೂರ್ತಿ ಸ್ತಬ್ಧವಾಗದಂತೆ ತಡೆಯುವ ಸಾಧನವಿದ್ದು, ಅದು ತಿರುಗುವುದಕ್ಕೆಂದು ಸ್ವಲ್ಪ ಹಣವನ್ನು ಬದಿಗಿಡುತ್ತದೆ. ಆದರೆ ಸಂಬಳವನ್ನು ಹೆಚ್ಚಿಸುವ ಸಾಮರ್ಥ್ಯ ಅದಕ್ಕಿಲ್ಲ. ನೂರು ಮೀಟರ್ ತ್ರಿಜ್ಯದ ಒಂದು ಸಮತಟ್ಟಾದ ತಿರುವನ್ನು ತೆಗೆದುಕೊಳ್ಳೋಣ. ತಿರುಗುವ ಕಾರಿಗೆ ಬೇಕಾದ ಕೇಂದ್ರಾಭಿಮುಖ ಬಲವನ್ನು ಒದಗಿಸುವುದೂ ಘರ್ಷಣೆಯೇ. ಲೆಕ್ಕ ಹಾಕಿದರೆ, ಒಣ ಡಾಂಬರಿನ ಮೇಲೆ ಗಂಟೆಗೆ 94 ಕಿಲೋಮೀಟರ್‌ವರೆಗೆ ಆ ತಿರುವನ್ನು ದಾಟಬಹುದು. ಜಲ್ಲಿಯ ಮೇಲೆ 71. ಮಂಜುಗಡ್ಡೆಯ ಮೇಲೆ 36. ಇವು ಹಿಡಿತದ ಕೊನೆಯ ಕಾಸನ್ನೂ ವ್ಯಯಮಾಡಿದಾಗಿನ ಅಂಕಿಗಳೆಂಬುದನ್ನು ನೆನಪಿಡಬೇಕು. ಜಲ್ಲಿ ರಸ್ತೆಗೆ ಕಾನೂನಿನ ಮಿತಿ 80 ಆಗಿರುವುದರಿಂದ, ಮಿತಿಯೊಳಗಿದ್ದೂ ಇಂತಹ ತಿರುವಿನಲ್ಲಿ ರಸ್ತೆಯಿಂದಾಚೆಗೆ ಹೋಗುವುದು ಸಾಧ್ಯ.

ಘಟ್ಟದ ಇಳಿಜಾರುಗಳ ವಿಷಯವನ್ನು ಆಗುಂಬೆ, ಚಾರ್ಮಾಡಿಗಳನ್ನು ಇಳಿದವರಿಗೆ ಹೆಚ್ಚಾಗಿ ಹೇಳಬೇಕಾದುದಿಲ್ಲ. ಎರಡು ಟನ್ ತೂಕದ ಕಾರು 500 ಮೀಟರ್ ಕೆಳಕ್ಕೆ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು ಮೂವತ್ತು ಲೀಟರ್ ನೀರನ್ನು ಕುದಿಸಬಲ್ಲುದು. ಅಷ್ಟು ಉಷ್ಣವನ್ನೂ ಬ್ರೇಕಿನ ಬಿಲ್ಲೆಗಳ ಮೇಲೆ ಹೇರದೆ, ಕೆಳಗಿನ ಗೇರಿನಲ್ಲಿ ಇಳಿದು ಎಂಜಿನ್ನಿಗೆ ಹಂಚುವುದು ನಮ್ಮ ಲಾರಿ ಚಾಲಕರೆಲ್ಲರೂ ಬಲ್ಲ ವಿದ್ಯೆ.

ಕಾಣದ ಮಂಜುಗಡ್ಡೆ

ಹಿಮ ಬಿದ್ದು ಬೆಳ್ಳಗಾದ ರಸ್ತೆ ತನ್ನ ಅಪಾಯವನ್ನು ತಾನೇ ಸಾರುತ್ತದೆ. ಹೊಸಬನೂ ಅಲ್ಲಿ ನಿಧಾನಿಸುತ್ತಾನೆ. ಹೆಚ್ಚು ಭಯಂಕರವಾದುದು 'ಕಪ್ಪು ಮಂಜುಗಡ್ಡೆ' ಎಂದು ಕರೆಯಿಸಿಕೊಳ್ಳುವ ತೆಳು ಪದರ. ಅದರ ಬಣ್ಣ ಕಪ್ಪಲ್ಲ. ಅದು ಗಾಜಿನಂತೆ ಪಾರದರ್ಶಕ. ಅದರ ಮೂಲಕ ಕೆಳಗಿನ ಡಾಂಬರಿನ ಕಪ್ಪು ಕಾಣುವುದರಿಂದ ಈ ಹೆಸರು. ನೋಡಿದವನಿಗೆ ರಸ್ತೆ ಒದ್ದೆಯಾಗಿರುವಂತೆ ತೋರುತ್ತದೆ, ಅಷ್ಟೆ.

ಕಾರಿನೊಳಗಿನ ಉಷ್ಣತಾಮಾಪಕ ಎರಡು ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿರುವಾಗ ಮಂಜುಗಡ್ಡೆ ಎಲ್ಲಿಂದ ಬಂತು ಎಂದು ಪ್ರವಾಸಿ ಅಚ್ಚರಿಪಡುತ್ತಾನೆ. ಮಾಪಕ ಹೇಳುವುದು ಗಾಳಿಯ ಉಷ್ಣತೆಯನ್ನು, ರಸ್ತೆಯದನ್ನಲ್ಲ. ಮೋಡವಿಲ್ಲದ ರಾತ್ರಿಯಲ್ಲಿ ನೆಲ ತನ್ನ ಉಷ್ಣವನ್ನು ಆಕಾಶಕ್ಕೆ ವಿಕಿರಣರೂಪದಲ್ಲಿ ಕಳೆದುಕೊಂಡು, ಗಾಳಿಗಿಂತ ಕೆಲವು ಡಿಗ್ರಿ ಹೆಚ್ಚಾಗಿ ತಣ್ಣಗಾಗುತ್ತದೆ. ಸೇತುವೆಗಳು ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತವೆ. ಸಾಧಾರಣ ರಸ್ತೆಗೆ ಕೆಳಗಿನ ಭೂಮಿಯಿಂದ ಸ್ವಲ್ಪ ಉಷ್ಣ ಬರುತ್ತಿರುತ್ತದೆ. ಸೇತುವೆಯಾದರೋ ಮೇಲೂ ಕೆಳಗೂ ತಣ್ಣನೆಯ ಗಾಳಿಗೆ ಮೈಯೊಡ್ಡಿ ನಿಂತಿದೆ. ಮೈಲಿಗಟ್ಟಲೆ ಒಣ ರಸ್ತೆಯಲ್ಲಿ ಬಂದವನು ಸೇತುವೆಯ ಮೇಲೆ ಕಾಲಿಟ್ಟ ಕ್ಷಣದಲ್ಲಿ 0.7 ಎಂಬ ಅಂಕಿ 0.1 ಆಗಿಬಿಡಬಹುದು. ಮತ್ತೊಂದು ವಿಚಿತ್ರ: ಸೊನ್ನೆ ಡಿಗ್ರಿಯ ಆಸುಪಾಸಿನ ಮಂಜುಗಡ್ಡೆ, ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿನ ಮಂಜುಗಡ್ಡೆಗಿಂತ ಹೆಚ್ಚು ಜಾರುತ್ತದೆ. ಕರಗುವ ಅಂಚಿನಲ್ಲಿರುವಾಗ ಅದರ ಮೈಮೇಲೆ ನೀರಿನ ತೆಳು ಪೊರೆಯಿದ್ದು, ಅದು ಎಣ್ಣೆಯಂತೆ ಕೆಲಸಮಾಡುವುದೇ ಇದಕ್ಕೆ ಕಾರಣ. ಆದ್ದರಿಂದ ಕಡುಚಳಿಯ ದಿನಕ್ಕಿಂತ 'ಅಷ್ಟೇನೂ ಚಳಿಯಿಲ್ಲ' ಎನ್ನಿಸುವ ದಿನ ಮೋಸದ್ದು. ನವೆಂಬರ್ ಮೊದಲಿನಿಂದ ಏಪ್ರಿಲ್ ನಡುವಿನವರೆಗೆ ಮೊಳೆ ಹೊಡೆದ ಟೈರುಗಳನ್ನು ಬಳಸಲು ಅಲ್ಲಿ ಅನುಮತಿಯುಂಟು. ಅವು ಹಿಡಿತವನ್ನು ಸ್ವಲ್ಪ ಹೆಚ್ಚಿಸುತ್ತವೆಯೇ ಹೊರತು ಮಂಜುಗಡ್ಡೆಯನ್ನು ಡಾಂಬರಾಗಿ ಮಾಡುವುದಿಲ್ಲ.

ಐಸ್ಲೆಂಡಿನ ಸೇತುವೆಗಳಿಗೆ ಇನ್ನೊಂದು ವಿಶೇಷವುಂಟು. ಅವುಗಳಲ್ಲಿ ಹಲವು ಇಂದಿಗೂ ಒಂದೇ ಕಾರು ಹೋಗುವಷ್ಟು ಅಗಲ. ಎರಡು ಕಡೆಯಿಂದ ಬಂದವರಲ್ಲಿ ಸೇತುವೆಗೆ ಹತ್ತಿರವಿರುವವನು ಮೊದಲು ಹೋಗುವುದು ವಾಡಿಕೆ. ಆದರೆ ಎದುರಿನವನಿಗೂ ಈ ವಾಡಿಕೆ ಗೊತ್ತಿದೆಯೆಂದು ನಂಬುವ ಹಾಗಿಲ್ಲ, ಅವನೂ ಪ್ರವಾಸಿಯಾಗಿರಬಹುದು. ದ್ವೀಪದ ದಕ್ಷಿಣದಲ್ಲಿರುವ ನೂಪ್ಸ್‌ವೋಟ್ನ್ ನದಿಯ ಮೇಲೆ ಇಂತಹ ಉದ್ದವಾದ ಒಂದು ಸೇತುವೆಯಿತ್ತು. 2018ರ ಡಿಸೆಂಬರ್ 27ರ ಬೆಳಗ್ಗೆ ಪ್ರವಾಸಿಗಳ ಕಾರೊಂದು ಅದರ ತಡೆಗಂಬಿಯನ್ನು ಮೀರಿ ಕೆಳಗೆ ಉರುಳಿತು. ಕಾರಿನಲ್ಲಿದ್ದ ಏಳು ಮಂದಿಯಲ್ಲಿ ಮೂವರು ಮಡಿದರು. ಅವರಲ್ಲಿ ಒಂದು ಎಳೆಗೂಸು. ಈಗ ಆ ನದಿಗೆ ಎರಡು ಪಥಗಳ ಹೊಸ ಸೇತುವೆ ಬಂದಿದೆ.

ಗಾಳಿಯ ಬಲ

ಅಲ್ಲಿಯ ಹವಾಮುನ್ಸೂಚನೆಯನ್ನು ಓದುವಾಗಲೂ ನಮ್ಮ ಅಭ್ಯಾಸ ನಮ್ಮನ್ನು ಮೋಸಗೊಳಿಸುತ್ತದೆ. 'ಗಾಳಿ 20' ಎಂದು ಬರೆದಿರುತ್ತದೆ. ಇಪ್ಪತ್ತೆಂದರೆ ಹಿತವಾದ ತಂಗಾಳಿಯೆಂದು ಪ್ರವಾಸಿ ತಿಳಿಯುತ್ತಾನೆ. ಐಸ್ಲೆಂಡಿನಲ್ಲಿ ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಹೇಳುವುದು ಪದ್ಧತಿ. ಸೆಕೆಂಡಿಗೆ 20 ಮೀಟರ್ ಎಂದರೆ ಗಂಟೆಗೆ 72 ಕಿಲೋಮೀಟರ್!

ಈ ಗಾಳಿ ಕಾರಿನ ಪಕ್ಕಕ್ಕೆ ಬಡಿದರೆ ಆಗುವುದೇನು? ಗಾಳಿಯ ಒತ್ತಡ ಅದರ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ಸೆಕೆಂಡಿಗೆ 20 ಮೀಟರ್ ಗಾಳಿಗೆ ಅದು ಚದರ ಮೀಟರಿಗೆ ಸುಮಾರು 250 ನ್ಯೂಟನ್. ದೊಡ್ಡ ಕಾರೊಂದರ ಪಕ್ಕದ ವಿಸ್ತೀರ್ಣ ಸುಮಾರು 6 ಚದರ ಮೀಟರ್ ಎಂದಿಟ್ಟುಕೊಂಡರೆ, ಸ್ಥೂಲವಾಗಿ 1,500 ನ್ಯೂಟನ್ ಬಲ ಅದನ್ನು ಪಕ್ಕಕ್ಕೆ ತಳ್ಳುತ್ತಿರುತ್ತದೆ. ಎಂದರೆ ನೂರೈವತ್ತು ಕಿಲೋಗ್ರಾಂ ಭಾರಕ್ಕೆ ಸಮನಾದ ಬಲ. ಒಣ ರಸ್ತೆಯಲ್ಲಿ ಇದನ್ನು ಸಹಿಸಬಹುದು. 1,500 ಕಿಲೋಗ್ರಾಂ ತೂಕದ ಕಾರನ್ನು ಅಲ್ಲಿ ಹಿಡಿದಿಡುವ ಘರ್ಷಣೆ ಹತ್ತು ಸಾವಿರ ನ್ಯೂಟನ್‌ಗಳಷ್ಟಿದೆ. ಮಂಜುಗಡ್ಡೆಯ ಮೇಲೆ ಅದೇ ಘರ್ಷಣೆ 1,470 ನ್ಯೂಟನ್. ವಾಚಕರು ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು: ತಳ್ಳುವ ಬಲ 1,500, ಹಿಡಿಯುವ ಬಲ 1,470. ಚಾಲಕ ಯಾವ ತಪ್ಪನ್ನೂ ಮಾಡದಿದ್ದರೂ, ನೇರವಾದ ರಸ್ತೆಯಲ್ಲಿ, ಸಾಧಾರಣ ವೇಗದಲ್ಲಿ, ಗಾಳಿ ಒಂದೇ ಕಾರನ್ನು ರಸ್ತೆಯಿಂದ ಆಚೆಗೆ ಸರಿಸಬಲ್ಲುದು. ಗಾಳಿಯೂ ಮಂಜುಗಡ್ಡೆಯೂ ಕೂಡಿದ ದಿನ ಹೊರಡಬೇಡಿರೆಂದು ಅಲ್ಲಿಯವರು ಹೇಳಿದರೆ ಅದು ಪ್ರವಾಸಿಗಳನ್ನು ಹೆದರಿಸುವ ಮಾತಲ್ಲ. ರಸ್ತೆ ಇಲಾಖೆ ಮುಚ್ಚಿದ ರಸ್ತೆ ಕಣ್ಣಿಗೆ ಎಷ್ಟೇ ಚೆನ್ನಾಗಿ ಕಂಡರೂ ಅದಕ್ಕೆ ಇಳಿಯತಕ್ಕದ್ದಲ್ಲ.

ಗಾಳಿ ಒಂದೇ ಸಮನಾಗಿ ಬೀಸುವುದೂ ಇಲ್ಲ. ಗುಡ್ಡದ ಮರೆಯಲ್ಲಿ ಹೋಗುತ್ತಿದ್ದ ಕಾರು ಮರೆ ತಪ್ಪಿದ ಕೂಡಲೆ ಪೂರ್ಣಬಲಕ್ಕೆ ಸಿಕ್ಕುತ್ತದೆ. ಎದುರಿನಿಂದ ಬಂದ ಲಾರಿ ಒಂದು ಕ್ಷಣ ಗಾಳಿಯನ್ನು ತಡೆದು ಮರುಕ್ಷಣ ಬಿಡುತ್ತದೆ. ಗಾಳಿಗೆ ಎದುರಾಗಿ ಸ್ಟೀರಿಂಗನ್ನು ಒತ್ತಿ ಹಿಡಿದಿದ್ದ ಚಾಲಕ ಆ ಕ್ಷಣದಲ್ಲಿ ಲಾರಿಯ ಕಡೆಗೇ ವಾಲಬಹುದು. ಇನ್ನು ಬಾಗಿಲಿನ ಮಾತು. ನಿಂತ ಕಾರಿನ ಬಾಗಿಲನ್ನು ಗಾಳಿ ಬೀಸುವ ದಿಕ್ಕಿಗೆ ತೆರೆದರೆ, ಸೆಕೆಂಡಿಗೆ 25 ಮೀಟರ್ ಗಾಳಿ ಒಂದು ಚದರ ಮೀಟರ್ ಬಾಗಿಲನ್ನು ಸುಮಾರು ನಲವತ್ತು ಕಿಲೋಗ್ರಾಂ ಭಾರದ ಬಲದಿಂದ ಕಸಿದುಕೊಳ್ಳುತ್ತದೆ, ಕೀಲು ಮುರಿಯುತ್ತದೆ. ಬಾಡಿಗೆಯ ಕಾರಿನ ವಿಮೆ ಈ ನಷ್ಟವನ್ನು ಸಾಮಾನ್ಯವಾಗಿ ತುಂಬಿಕೊಡುವುದಿಲ್ಲ. ಕಾರನ್ನು ಗಾಳಿಗೆ ಮುಖಮಾಡಿ ನಿಲ್ಲಿಸಿದರೆ ಬಾಗಿಲು ಉಳಿಯುತ್ತದೆ.

ಸೂರ್ಯನೂ ನಿದ್ರೆಯೂ

ಬೆಂಗಳೂರಿನಲ್ಲಿ ಸಂಜೆಯ ಸೂರ್ಯ ಕಣ್ಣು ಕುಕ್ಕುವುದು ಅಲ್ಪಕಾಲ. ನಮ್ಮಲ್ಲಿ ಸೂರ್ಯ ಕ್ಷಿತಿಜಕ್ಕೆ ಬಹುಮಟ್ಟಿಗೆ ಲಂಬವಾಗಿ ಇಳಿಯುತ್ತಾನೆ; ಕೊನೆಯ ಐದು ಡಿಗ್ರಿಗಳನ್ನು ವಿಷುವದ ದಿನ ಇಪ್ಪತ್ತೇ ನಿಮಿಷದಲ್ಲಿ ದಾಟುತ್ತಾನೆ. 64 ಡಿಗ್ರಿ ಉತ್ತರ ಅಕ್ಷಾಂಶದ ರೇಕ್ಯಾವಿಕ್ ನಗರದಲ್ಲಿ ಅವನು ಓರೆಯಾಗಿ ಜಾರುವುದರಿಂದ ಅದಕ್ಕೆ ಮುಕ್ಕಾಲು ಗಂಟೆ ಬೇಕು. ಡಿಸೆಂಬರಿನ ಉತ್ತರಾರ್ಧದಲ್ಲಂತೂ ನಡುಮಧ್ಯಾಹ್ನದಲ್ಲಿಯೂ ಸೂರ್ಯನ ಎತ್ತರ ಮೂರು ಡಿಗ್ರಿಗೆ ಮುಟ್ಟುವುದಿಲ್ಲ. ಹಗಲಿರುವ ನಾಲ್ಕು ಗಂಟೆಯೂ ದಕ್ಷಿಣಕ್ಕೆ ಹೋಗುವವನ ಕಣ್ಣಿಗೆ ನೇರವಾದ ಬಿಸಿಲು. ಒದ್ದೆ ರಸ್ತೆ ಅದನ್ನು ಕನ್ನಡಿಯಂತೆ ಪ್ರತಿಫಲಿಸಿ ಎರಡು ಪಟ್ಟು ಮಾಡುತ್ತದೆ.

ಜೂನ್ ತಿಂಗಳಿನ ತೊಂದರೆ ಬೇರೆ ಬಗೆಯದು. ಆಗ ರಾತ್ರಿ ಕತ್ತಲಾಗುವುದೇ ಇಲ್ಲ. ನಮ್ಮ ದೇಹ ಕತ್ತಲನ್ನು ನೋಡಿ ದಣಿವನ್ನು ಅರಿಯುತ್ತದೆ. ಹನ್ನೊಂದು ಗಂಟೆಯ ರಾತ್ರಿ ನಮ್ಮೂರಿನ ಐದು ಗಂಟೆಯ ಸಂಜೆಯಂತಿರುವಾಗ, ಇನ್ನೊಂದು ಜಲಪಾತವನ್ನು ನೋಡಿಬಿಡೋಣವೆನ್ನಿಸುತ್ತದೆ. ಹದಿನೈದು ಗಂಟೆ ಎಚ್ಚರವಿದ್ದವನ ಆ 'ಒಂದು ಸೆಕೆಂಡು' ಎರಡಾಗಿದ್ದರೆ ಅವನಿಗೆ ಅದು ತಿಳಿಯುವ ಉಪಾಯವಿಲ್ಲ. 25 ಮೀಟರ್ 50 ಆಗಿರುತ್ತದೆ. ಊಟ ಮತ್ತು ಮಲಗುವ ಹೊತ್ತನ್ನು ಕೈಗಡಿಯಾರದಿಂದ ನಿರ್ಧರಿಸಬೇಕೇ ಹೊರತು ಕಿಟಕಿಯಿಂದಲ್ಲ. ಚಿತ್ರ ತೆಗೆಯುವುದಕ್ಕಾಗಿ ನಡುರಸ್ತೆಯಲ್ಲಿ ಕಾರು ನಿಲ್ಲಿಸುವ ದುರಭ್ಯಾಸವೂ ಪ್ರವಾಸಿಗಳಲ್ಲಿ ಬಹಳ. ರಸ್ತೆಯ ಅಂಚು ಕಿರಿದು, ದಿಬ್ಬದಾಚೆಯಿಂದ ಬರುವವನಿಗೆ ಕಾರು ಕಾಣದು. ನಿಲ್ಲುವುದಕ್ಕೆಂದೇ ಮಾಡಿರುವ ತಾಣಗಳು ಮುಂದೆ ದೊರೆಯುತ್ತವೆ.

ನದಿಯನ್ನು ದಾಟುವುದು

ದ್ವೀಪದ ನಡುಭಾಗದ ಮಲೆಗಳಿಗೆ ಹೋಗುವ ರಸ್ತೆಗಳ ಸಂಖ್ಯೆಯ ಮುಂದೆ 'ಎಫ್' ಎಂಬ ಅಕ್ಷರವಿರುತ್ತದೆ. ಬೇಸಗೆಯಲ್ಲಿ ಮಾತ್ರ ತೆರೆಯುವ ಈ ದಾರಿಗಳಿಗೆ ನಾಲ್ಕು ಗಾಲಿಗಳ ಚಾಲನೆಯುಳ್ಳ ಕಾರೇ ಬೇಕು. ಇಲ್ಲಿ ಅನೇಕ ಕಡೆ ಸೇತುವೆಗಳಿಲ್ಲ. ನದಿಯೊಳಗೇ ಇಳಿದು ದಾಟಬೇಕು. ನಮ್ಮ ಮಲೆನಾಡಿನಲ್ಲಿ ಹಳ್ಳ ದಾಟಿದವರಿಗೆ ಇದು ಸುಲಭವೆಂದು ತೋರೀತು. ಆದರೆ ಆರ್ಕಿಮಿಡೀಸನ ನಿಯಮವನ್ನು ಮರೆಯುವ ಹಾಗಿಲ್ಲ. ಕಾರಿನ ತಳದ ವಿಸ್ತೀರ್ಣ ಸುಮಾರು 7 ಚದರ ಮೀಟರ್. ನೀರು ತಳವನ್ನು ಮುಟ್ಟಿ ಅದರ ಮೇಲೆ ಇಪ್ಪತ್ತು ಸೆಂಟಿಮೀಟರ್, ಎಂದರೆ ಒಂದು ಗೇಣು, ಏರಿತೆನ್ನೋಣ. ಒಳಕ್ಕೆ ಸೋರುವುದಕ್ಕೆ ಮೊದಲು ಅದು ಕಾರನ್ನು ಮೇಲಕ್ಕೆತ್ತುವ ಬಲ 1,400 ಕಿಲೋಗ್ರಾಂ ಭಾರಕ್ಕೆ ಸಮ! 1,500 ಕಿಲೋಗ್ರಾಂ ಕಾರು ಆಗ ನೆಲವನ್ನು ಒತ್ತುವುದು ನೂರೇ ಕಿಲೋಗ್ರಾಂ ಭಾರದಿಂದ. ಭಾರವಿಲ್ಲದಲ್ಲಿ ಘರ್ಷಣೆ ಎಲ್ಲಿಯದು? ಇತ್ತ ಸೆಕೆಂಡಿಗೆ 2 ಮೀಟರ್ ಹರಿಯುವ ನೀರು ಪಕ್ಕದಿಂದ ಪ್ರತಿ ಚದರ ಮೀಟರಿಗೂ ಇನ್ನೂರು ಕಿಲೋಗ್ರಾಂ ಭಾರದ ಬಲದಿಂದ ತಳ್ಳುತ್ತಿರುತ್ತದೆ. ಗಾಳಿಗಿಂತ ನೀರಿನ ಸಾಂದ್ರತೆ ಸುಮಾರು ಎಂಟುನೂರು ಪಟ್ಟು ಹೆಚ್ಚಾದುದರಿಂದ, ಕಾಲ್ನಡಿಗೆಗಿಂತ ತುಸು ವೇಗದ ಹರಿವಿಗೂ ಬಿರುಗಾಳಿಯನ್ನು ಮೀರಿದ ಬಲವಿದೆ. ನೀರು ಎಂಜಿನ್ನಿಗೆ ಹೊಕ್ಕರೆ ಅದೂ ಹೋಯಿತು. ಇದಕ್ಕೂ ಬಾಡಿಗೆ ಕಾರಿನ ವಿಮೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಹಿಮನದಿಗಳಿಂದ ಇಳಿಯುವ ಹೊಳೆಗಳ ನೀರು ಬೂದಿಬಣ್ಣದ ಕೆಸರಿನಿಂದ ಕೂಡಿದ್ದು, ತಳ ಕಾಣುವುದಿಲ್ಲ. ಅವುಗಳ ಆಳ ದಿನದ ಹೊತ್ತನ್ನು ಅವಲಂಬಿಸಿದೆ. ಹಗಲಿನ ಬಿಸಿಲಿಗೆ ಕರಗಿದ ನೀರು ಹಿಮನದಿಯಿಂದ ಇಳಿದು ಬರುವಷ್ಟರಲ್ಲಿ ಸಂಜೆಯಾಗುತ್ತದೆ. ಬೆಳಗ್ಗೆ ಸುಲಭವಾಗಿ ದಾಟಿ ಹೋದವನು ಹಿಂತಿರುಗುವಾಗ ಬೇರೆಯ ನದಿಯನ್ನೇ ಕಾಣಬಹುದು. ಆಗ ಮಾಡಬೇಕಾದುದು ದಡದಲ್ಲಿ ಕಾಯುವುದು. ಇನ್ನೊಂದು ದೊಡ್ಡ ವಾಹನ ಬಂದು ದಾಟುವುದನ್ನು ನೋಡುವುದು, ಅದರ ಗಾಲಿಗೆ ನೀರು ಎಲ್ಲಿಯವರೆಗೆ ಏರಿತೆಂದು ಗುರುತಿಡುವುದು. ಯಾರೂ ಬಾರದಿದ್ದರೆ ಕಾರಿನಲ್ಲಿಯೇ ಮಲಗಿ, ಮುಂಜಾವಿನಲ್ಲಿ ಎದ್ದು ನೋಡಿದರೆ, ಅದೇ ನದಿ ರಾತ್ರಿಯ ತಂಪಿಗೆ ಇಳಿದು, ನೆನ್ನೆ ಮುಳುಗಿದ್ದ ಕಲ್ಲುಗಳು ತಲೆಯೆತ್ತಿರುವುದುಂಟು.